ವಜನ್ ಹೆಚ್ಚಾತು

ಬೀದರಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಸರಕಾರಿ ವಿಮಾನ ಏರುವವರನ್ನೂ ಅವರ ಸಾಮಾನನ್ನೂ ತೂಗುತ್ತಿದ್ದರು. ತೂಕದ ಕಾಟಾದ ಮುಳ್ಳನ್ನು ಬೆರಳಿನಿಂದ ತಟ್ಟಿ, "ವಜನ್ ಹೆಚ್ಚಾತ್ರಿ, ಇಳೀರಿ" ಎನ್ನುವುದು ಅವರ ರೂಢಿ.

1948ರ ಪೊಲೀಸ್ ಆಕ್ಷನ್‌ಗೆ ಮುಂಚಿನ ಗದ್ದಲದಲ್ಲಿ ಊರು ಬಿಡುವವರ ನೂಕುನುಗ್ಗಲು. ಜ್ವರದ ಮಗುವನ್ನು ಎತ್ತಿಕೊಂಡು ಔರಾದಿನ ತಾಯಿಯೊಬ್ಬಳು ವಿಮಾನದಲ್ಲಿ ಕೂತಾಗಿತ್ತು. ಅಷ್ಟರಲ್ಲಿ ವಿಮಾನ ಇಲಾಖೆಯ ದೊಡ್ಡ ಸಾಹೇಬರ ಪೆಟ್ಟಿಗೆಗಳು ಬಂದವು; ಅವಕ್ಕೆ ಜಾಗ ಮಾಡಲು ಅವಳನ್ನು ಎಬ್ಬಿಸಿದರು.

"ಟಿಕೀಟ್ ಅದರಿ ಯಪ್ಪಾ, ಕೂಸಿಗಿ ದವಾಖಾನಿ ಬೇಕ್ರಿ" ಎಂದಳು.

"ವಜನ್ ಹೆಚ್ಚಾತವ್ವಾ, ಇಳಿ" ಎಂದರು ನಮ್ಮ ಪಕ್ಕದ ಮನೆಯವರು.

ಮಗು ಉಳಿಯಲಿಲ್ಲ.

ಆ ವರ್ಷ ವಿಮಾನಕ್ಕೆ ಭಾರಿ ಫಾಯದೆಯಾಯಿತೆಂದು ಸರಕಾರ ಸಾಹೇಬರಿಗೆ ಇನಾಮು ಕೊಟ್ಟಿತು. ಸಾಹೇಬರು ಖುಷಿಯಲ್ಲಿ ಇವರಿಗೂ ಒಂದು ಶೇರವಾನಿ ಹೊಲಿಸಿದರು. ಅದನ್ನು ತೊಟ್ಟು ಇವರು ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ, ಅಂಬೆಗಾಲಿಟ್ಟು ಬಂದ ಅವರ ಮಗಳು ತೊಡೆ ಏರಿದಳು.

"ವಜನ್ ಹೆಚ್ಚಾತವ್ವಾ, ಇಳಿ" ಎಂದು ಕೆಳಗಿಳಿಸಿದರು. ಬೆರಳು ಖಾಲಿ ತೊಡೆಯನ್ನು ತಟ್ಟುತ್ತಲೇ ಇತ್ತು.