ಬೆಂಚಿನಡಿಯ ಚೀಲ

ಬಾಂಬ್ ಪತ್ತೆ ದಳದಲ್ಲಿ ಅವಳನ್ನು ಎಲ್ಲರೂ ಗುರಿಯಕ್ಕ ಎಂದೇ ಕರೆಯುತ್ತಿದ್ದರು. ಕಾಲೇಜಿನಲ್ಲಿದ್ದಾಗ ಏರ್‌ಗನ್ ಸ್ಪರ್ಧೆಗಳಲ್ಲಿ ಗೆದ್ದವಳು. ಹಾಗಾಗಿ ಹೊಸ ಉಪಕರಣ ಬಂದಾಗ ಅದು ಅವಳ ಪಾಲಿಗೇ ಬಂತು. ಗಾಳಿಯ ಒತ್ತಡದಿಂದ ಹಾರುವ, ನಿಂಬೆಹಣ್ಣಿನ ಗಾತ್ರದ ಮೆತ್ತನೆಯ ಗುಂಡು ಅದು. ಅನುಮಾನ ಬಂದ ವಸ್ತುವಿಗೆ ಹೋಗಿ ಅಂಟಿಕೊಳ್ಳುತ್ತದೆ. ಒಳಗಿನ ಸೆನ್ಸರ್ ಸುತ್ತಲಿನ ಗಾಳಿಯನ್ನು ಮೂಸಿ, ಸಿಡಿಮದ್ದು ಇದೆಯೋ ಇಲ್ಲವೋ ಎಂದು ದೂರದ ಪರದೆಗೆ ತಿಳಿಸುತ್ತದೆ. ಯಾರೂ ಹತ್ತಿರ ಹೋಗಬೇಕಿಲ್ಲ. “ಇನ್ಮೇಲೆ ನಮ್ಮನೆಯವರು ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ ಬಿಡು,” ಎಂದು ದಳದ ಹಿರಿಯರೊಬ್ಬರು ನಕ್ಕಿದ್ದರು.

ಒಂದು ಬೆಳಿಗ್ಗೆ ಬಸ್ ನಿಲ್ದಾಣದಿಂದ ಕರೆ ಬಂತು. ಬೆಂಚಿನಡಿ ಯಾರದೋ ಚೀಲ ಬಿದ್ದಿದೆಯಂತೆ. ಇವರು ತಲುಪುವಷ್ಟರಲ್ಲಿ ಪೊಲೀಸರು ಜನರನ್ನೆಲ್ಲ ಹೊರಗೆ ಕಳಿಸಿ ಹಗ್ಗ ಕಟ್ಟಿದ್ದರು. ಗುರಿಯಕ್ಕ ಹಾರಿಸಿದ ಗುಂಡು ಚೀಲದ ಬಾಯಿಯ ಬಳಿಯೇ ಕೂತಿತು. ಹಗ್ಗದಾಚೆ ಯಾರೋ ಮುದುಕರೊಬ್ಬರು ಗಂಟಲು ಹರಿಯುವಂತೆ ಕೂಗುತ್ತಿದ್ದರು. “ಸುಮ್ನಿರಿ ತಾತ, ಜೀವಕ್ಕಿಂತ ಚೀಲ ಹೆಚ್ಚಾ?” ಎಂದು ಪೇದೆ ಗದರಿದ್ದು ಅವಳಿಗೂ ಕೇಳಿಸಿತು. ಗಡಿಬಿಡಿಯಲ್ಲಿ ಸಾಮಾನು ಬಿಟ್ಟು ಓಡಿದವರು ಹಾಗೆ ಕೂಗಾಡುವುದು ಮಾಮೂಲು. ಅವಳು ತಿರುಗಿ ನೋಡಲಿಲ್ಲ. ಪರದೆ ಕೆಂಪಾಯಿತು. ನಿಯಮದಂತೆ ಚೀಲವನ್ನು ಅಲ್ಲೇ ಸಿಡಿಸಿದರು.

ಚೂರುಗಳಲ್ಲಿ ಸಿಕ್ಕಿದ್ದು ಪುಟ್ಟ ಪುಟ್ಟ ಉಳಿಗಳು, ಪಿಟೀಲಿನ ಮುರಿದ ಕತ್ತು, ಲ್ಯಾಕರ್ ಡಬ್ಬಿಯ ಮುಚ್ಚಳ. ಮರಕ್ಕೆ ಹೊಳಪು ಕೊಡುವ ಆ ಲ್ಯಾಕರಿಗೂ ಸಿಡಿಮದ್ದಿಗೂ ಮೂಲದಲ್ಲಿ ನೆಂಟಸ್ತನವಿದೆ. ಯಂತ್ರ ಮೋಸ ಹೋಗಿತ್ತು. ಕೂಗುತ್ತಿದ್ದವರು ಪಿಟೀಲು ರಿಪೇರಿಯ ತಾತ. ಚೀಲವನ್ನು ಬೆಂಚಿನಡಿ ಇಟ್ಟು ಶೌಚಾಲಯಕ್ಕೆ ಹೋಗಿದ್ದವರನ್ನು ಪೊಲೀಸರು ಹಿಂಬಾಗಿಲಿನಿಂದ ಹೊರಗೆ ದಬ್ಬಿದ್ದರು. “ಅದು ನಂದು” ಎಂದು ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

“ನಿನ್ನ ತಪ್ಪೇನಿದೆ?” ಎಂದರು ಮೇಲಧಿಕಾರಿ. ವರದಿಯೂ ಹಾಗೇ ಹೇಳಿತು. ಆದರೂ ಅವಳ ಮನಸ್ಸು ತಡೆಯಲಿಲ್ಲ. ತಿರುಗಿ ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ! ತಾತನ ಅಂಗಡಿ ಹುಡುಕಿಕೊಂಡು ಹೋದಳು.

“ನಿಮ್ಮ ಕೆಲಸ ನೀವು ಮಾಡಿದ್ರಿ ತಾಯಿ. ನಿಜವಾಗ್ಲೂ ಬಾಂಬೇ ಇದ್ದಿದ್ರೆ?” ಎಂದು ತಾತನೇ ಅವಳನ್ನು ಸಮಾಧಾನ ಮಾಡಿದರು. ಸಿಡಿದುಹೋದ ಆ ಉಳಿಗಳು ತಾತನಿಗೆ ಅವರ ಅಪ್ಪ ಮಾಡಿಕೊಟ್ಟವು ಎಂದು ಹೇಳಿದ್ದು ಅಂಗಡಿಯಲ್ಲಿದ್ದ ತಾತನ ಮಗಳು.

ಮುಂದಿನ ಸಲ ಗುರಿಯಕ್ಕ ಹೊಸ ಉಳಿಗಳನ್ನು ಕೊಂಡೊಯ್ದಳು. ತಾತ ಒಂದನ್ನು ಅಂಗೈಯಲ್ಲಿ ತೂಗಿ ನೋಡಿ, “ಚೆನ್ನಾಗಿದೆ,” ಎಂದು ಕಪಾಟಿನಲ್ಲಿಟ್ಟರು. ಅವು ಅಲ್ಲೇ ಉಳಿದವು. ಪಿಟೀಲು ತಂದವರಿಗೆ “ಕೈ ನಡುಗುತ್ತಪ್ಪ, ಬೇರೆ ಕಡೆ ನೋಡಿ,” ಎನ್ನುತ್ತಿದ್ದರು. ಅವಳಿಗೆ ಟೀ ಕೊಡುವಾಗ ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಯಂತ್ರಕ್ಕೆ ಆ ವಾಸನೆಯ ಗುರುತು ಕಲಿಸಲು ಅದನ್ನು ಮಾಡಿದವರು ಲ್ಯಾಕರ್ ಕೇಳಿಕೊಂಡು ಬಂದಾಗಲೂ ತಾತನೇ ಒಂದು ತೊಟ್ಟೂ ಚೆಲ್ಲದಂತೆ ಶೀಸೆಗೆ ಸುರಿದುಕೊಟ್ಟರು. ಆಮೇಲೆ ಯಂತ್ರ ಆ ವಾಸನೆಯ ವಿಷಯದಲ್ಲಿ ತಪ್ಪಲಿಲ್ಲ.

ಒಂದು ದಿನ ಮಗಳು ಗುರಿಯಕ್ಕನನ್ನು ಬೀದಿಯ ತುದಿಯವರೆಗೆ ಬಿಟ್ಟುಬರಲು ಬಂದಳು.

“ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನೀವು ಬಂದು ಹೋದ ದಿನ ಅಪ್ಪ ಊಟ ಮಾಡಲ್ಲ.”

“ನನ್ನ ಮೇಲೆ ಕೋಪನಾ?”

“ಅಯ್ಯೋ, ಇಲ್ಲ. ಪಾಪ, ಒಳ್ಳೇ ಹುಡುಗಿ ಅಂತಾರೆ. ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ.”

ಗುರಿಯಕ್ಕ ತಲೆಯಾಡಿಸಿದಳು. ಮತ್ತೆ ಅಲ್ಲಿಗೆ ಹೋಗಲಿಲ್ಲ.