ಚಾದರದ ಹಿಂದೆ ಹಿಡಿದ ತಲೆ

ನನ್ನ ಗಂಡ ಸತ್ತ ದಿನ ಅವನ ಮೊದಲ ಹೆಂಡತಿ ಸುರಪುರದಿಂದ ಜೀಪು ಮಾಡಿಕೊಂಡು ಬಂದಳು. ಜೊತೆಗೆ ಮಗ, ಸೊಸೆ, ಶಹಾಪುರದಿಂದ ಕರೆತಂದ ಒಬ್ಬ ಫೋಟೋದವ. ಲಕ್ವಾ ಹೊಡೆದು ಅವನು ಹಾಸಿಗೆ ಹಿಡಿದಾಗ ಆಕೆ ಇತ್ತ ತಲೆ ಹಾಕಿರಲಿಲ್ಲ. ಹೇಲು ಉಚ್ಚೆ ಬಳಿದವಳು ಎರಡನೆಯವಳಾದ ನಾನು. ಅದಕ್ಕೆ ಬೇಸರವಿಲ್ಲ, ಪ್ರೀತಿಯೂ ಇರಲಿಲ್ಲ. ಅವನು ನನಗೆ ಕೊಟ್ಟದ್ದು ಒದೆಯೇ ಹೆಚ್ಚು. ಆದರೆ ಅವನ ಜೊತೆ ನನ್ನದೊಂದು ಫೋಟೋ ಇರಲಿಲ್ಲ. ನಾನೂ ಇವನ ಹೆಂಡತಿ ಅಂದರೆ ನಾಳೆ ಯಾರಾದರೂ ನಂಬಬೇಕಲ್ಲ. ಅವತ್ತು ತೆಗೆಸಿಕೊಳ್ಳಲೇಬೇಕೆಂದು ಇಳಕಲ್ ಸೀರೆ ಉಟ್ಟೆ.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ರುಮಾಲು ಸುತ್ತಿ ಗೋಡೆಗೆ ಆನಿಸಿ ಕೂಡಿಸುತ್ತೇವೆ. ತಲೆ ವಾಲಬಾರದೆಂದು ಹಣೆಗೊಂದು ಬಟ್ಟೆ ಹಾಕಿ ಗೋಡೆಯ ಮೊಳೆಗೆ ಕಟ್ಟುತ್ತೇವೆ. ಫೋಟೋದವನಿಗೆ ಆ ಬಟ್ಟೆ ಸೇರಲಿಲ್ಲ.

“ಅದನ್ನ ಬಿಚ್ರಿ. ಕಟ್ಟು ಹಾಕ್ಸೋ ಫೋಟೋ ಇದು, ಕಳ್ಳನ್ನ ಕಟ್ಟಿಹಾಕಿದಂಗ ಕಾಣ್ತದ,” ಅಂದ.

“ಬಿಚ್ಚಿದ್ರ ಬೀಳ್ತಾನಲ್ಲೋ ಯಪ್ಪಾ?” ಅಂದೆ.

“ಒಂಚೂರು ಮುಂದ ಸರಿಸಿ, ಹಿಂದ ಚಾದರ ಇಳಿಬಿಡ್ರಿ. ಅದರ ಹಿಂದ ಒಬ್ರು ಕುಂತು ತಲಿ ಹಿಡೀರಿ.”

ಎಲ್ಲರೂ ನನ್ನನ್ನೇ ನೋಡಿದರು.

“ಸಣ್ಣವ್ವ, ನೀನೇ ಕೂಡು. ನಿನಗ ಹಿಡದು ರೂಢಿ ಅದ,” ಅಂದ ಸವತಿಯ ಮಗ. ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ನಾನು ಸವತಿಗೆ ಕೇಳಿದೆ: “ಅಕ್ಕಾ, ನಾನೂ ಬಾಜೂಕ ಕೂಡ್ತೀನಿ. ಒಂದೇ ಒಂದು ಫೋಟೋ.”

“ಫೋಟೋದಾಗ ಹೇಣ್ತಿ ಒಬ್ಬಾಕಿ ಇದ್ರನ ಚಂದ. ಮಕ್ಕಳಿಲ್ಲದಾಕಿ, ನಿಂದು ಯಾರು ನೋಡಬೇಕಾಗೇದ?” ಅಂದಳು.

ಚಾದರದ ಹಿಂದೆ ಕೂತೆ. ಕುತ್ತಿಗೆಗೆ ಕೈ ಕೊಟ್ಟು ತಲೆ ಎತ್ತಿ ಹಿಡಿದೆ. ಆಚೆ ಆಕೆ ಬಳೆ ಸರಿಮಾಡಿಕೊಳ್ಳುವುದು ಕೇಳಿಸುತ್ತಿತ್ತು.

“ಅವ್ವಾ, ಇನ್ನೊಂಚೂರು ಅವರ ಕಡಿ ಸರೀರಿ,” ಅಂದ ಫೋಟೋದವ. “ಹಾಂ. ಅಲ್ಲಾಡಬ್ಯಾಡ್ರಿ.”

ಕೈ ಬಿಟ್ಟೆ.

ಬರೀ ಬಿಡಲಿಲ್ಲ, ಆಕೆ ಕೂತಿದ್ದ ಎಡಕ್ಕೆ ನೂಕಿ ಬಿಟ್ಟೆ. ತಣ್ಣಗಿನ ತಲೆ ಹೋಗಿ ಆಕೆಯ ಎದೆಗೆ ಬಡಿಯಿತು. ಬಾಯಲ್ಲಿದ್ದ ನೀರು ರೇಷ್ಮೆ ಸೀರೆಯ ಮೇಲೆ ಸುರಿಯಿತು. ಆಕೆ ಚೀರಿಕೊಂಡು ಅಂಗಳಕ್ಕೆ ಓಡಿದಳು. ಮತ್ತೆ ಹೆಣದ ಹತ್ತಿರ ಬರಲೇ ಇಲ್ಲ. ಹೊತ್ತಾಯಿತೆಂದು ಹಿರಿಯರು ಎತ್ತಿಸಿಬಿಟ್ಟರು.

ಇದ್ದದ್ದು ಆ ಒಂದೇ ಫೋಟೋ, ತಲೆ ಬೀಳುವಾಗಿನದು. ಶಹಾಪುರದ ಅಂಗಡಿಯಲ್ಲಿ ಚೀರುತ್ತಿದ್ದ ಆಕೆಯನ್ನು ಕತ್ತರಿಸಿ, ವಾಲಿದ ಮುಖ ನೆಟ್ಟಗೆ ಮಾಡಿ ಕಟ್ಟು ಹಾಕಿಸಿದರು. ಮಗ ತಂದು ನನಗೆ ತೋರಿಸಿದ. ಅವನ ಆಜೂಬಾಜೂ ಯಾರೂ ಇಲ್ಲ. ಅಂಚಿನಲ್ಲಿ ಮಾತ್ರ ಆಕೆಯ ಕಿವಿಯೊಂದು ಓಲೆ ಸಮೇತ ಉಳಿದಿತ್ತು.

“ಇದ್ಯಾಕ ಬಿಟ್ಟೀರಿ?” ಅಂದೆ. “ಇದನ್ನೂ ಕೊಯ್ಸು.”