ನಮ್ಮ ದೇವರು ಮಾಳಿಗೆ ಹತ್ತಿ ಇಳಿದದ್ದು

ಇವತ್ತು ಬೆಳಗ್ಗೆ ಮನೆಯ ಬೀಗದ ಕೈ ಹುಡುಕಲು ನಮ್ಮ ಯಜಮಾನರು ನನ್ನ ಪರ್ಸಿಗೆ ಕೈ ಹಾಕಿದರು. ಹೆಂಗಸರ ಪರ್ಸಿಗೆ ಕೈ ಹಾಕುವ ಗಂಡಸರಿಗೆ ಬೇಕಾದದ್ದೊಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಇವರಿಗೆ ಸಿಕ್ಕಿದ್ದು ಕುಂಕುಮದ ಪೊಟ್ಟಣ, ಲೋಕಲ್ ಟ್ರೈನಿನ ಹಳೆಯ ಟಿಕೆಟುಗಳು, ಮಂಡಿನೋವಿನ ಮುಲಾಮು ಮತ್ತು ಕಿರುಬೆರಳಿನಷ್ಟು ಉದ್ದದ ಒಂದು ಕೆಂಪು ಸೀಮೆಸುಣ್ಣ.

"ಇದೆಂತದು? ಈ ಪ್ರಾಯದಲ್ಲಿ ನೀನು ಶಾಲೆಗೆ ಸೇರಿದ್ದಾ, ಆಸ್ಪತ್ರೆಗೆ ಸೇರಿದ್ದಾ?"

"ಎರಡೂ ಅಲ್ಲ, ಭಜನೆಗೆ" ಅಂದೆ.

ಮುಲಾಮಿನ ಮುಚ್ಚಳ ಸಡಿಲಾಗಿತ್ತು. ಇವರ ಕೈಯಿಂದ ವಾಸನೆ ಅಡುಗೆಮನೆಯವರೆಗೂ ಬಂತು. ಆ ವಾಸನೆ ಬಂದರೆ ಬೇರೆಯವರಿಗೆ ಸೊಂಟನೋವು ನೆನಪಾಗುತ್ತದೋ ಏನೋ. ನನಗೆ ದೇವರು ನೆನಪಾಗುತ್ತಾನೆ. ತಮಾಷೆಗೆ ಹೇಳುತ್ತಿಲ್ಲ. ಒಂದಷ್ಟು ತಿಂಗಳು ನಮ್ಮ ಮಂಡಳಿಯಲ್ಲಿ ಊದುಬತ್ತಿಗಿಂತ ಈ ಮುಲಾಮೇ ಹೆಚ್ಚು ಖರ್ಚಾಗುತ್ತಿತ್ತು. ಯಾಕೆಂದು ಹೇಳುತ್ತೇನೆ, ಕುಳಿತುಕೊಳ್ಳಿ. ಬೀಗದ ಕೈ ಸಿಗುವವರೆಗೆ ನಾನೂ ಎಲ್ಲಿಗೂ ಹೋಗುವಂತಿಲ್ಲ.

ನಮ್ಮ ಭಜನಾ ಮಂಡಳಿ ಸೇರುವುದು ಡೊಂಬಿವಲಿಯ ಒಂದು ಕನ್ನಡ ಶಾಲೆಯಲ್ಲಿ. ಊರು ಬಿಟ್ಟು ಬಂದ ಹಿರಿಯರು ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಒಂದಿಷ್ಟು, ಕಚೇರಿಯ ಸಂಬಳದಿಂದ ಒಂದಿಷ್ಟು ತೆಗೆದು ಕಟ್ಟಿಸಿದ ಶಾಲೆ ಅದು. ಕಟ್ಟಿಸಿದವರ ಮೊಮ್ಮಕ್ಕಳೆಲ್ಲ ಈಗ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ನನ್ನ ಮೊಮ್ಮಗಳೂ ಅಷ್ಟೇ, ನಾನು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಈ ಶಾಲೆಯ ಬೆಂಚು ತುಂಬಿಸಿ ಕನ್ನಡದ ಮಾನ ಉಳಿಸಿದವರು ವಿಜಯಪುರ, ಕಲಬುರಗಿ ಕಡೆಯಿಂದ ಗೋಡೆ ಕಟ್ಟಲು, ಬಣ್ಣ ಬಳಿಯಲು ಬಂದವರ ಮಕ್ಕಳು. ರಾಜ್ಯೋತ್ಸವದ ಭಾಷಣಗಳಲ್ಲಿ ಇದನ್ನು ಯಾರೂ ಹೇಳಿದ್ದು ಕೇಳಿಲ್ಲ. ನನಗೆ ಯಾರೂ ಮೈಕು ಕೊಡುವುದಿಲ್ಲವಾದ್ದರಿಂದ ಇಲ್ಲೇ ಹೇಳಿಬಿಟ್ಟೆ.

ಶಾಲೆಯ ನೆಲಮಟ್ಟದ ಅಂತಸ್ತಿನಲ್ಲಿ ಒಂದರಿಂದ ನಾಲ್ಕನೆಯ ತರಗತಿ, ಮೂಲೆಯಲ್ಲಿ ನಮ್ಮ ಭಜನೆಯ ಕೋಣೆ. ಸೊಂಟದ ಮೇಲೆ ಕೈಯಿಟ್ಟು ನಿಂತ ವಿಠ್ಠಲನ ದೊಡ್ಡ ಪಟ, ಅದಕ್ಕೊಂದು ಮಂಟಪ, ಮುಂದೆ ದೀಪ. ಪ್ರತಿ ಶುಕ್ರವಾರ ಸಂಜೆ ನಮ್ಮ ಭಜನೆ. ಹಾರ್ಮೋನಿಯಂ ಕಮಲಕ್ಕನದು. ಉಡುಪಿ ಕಡೆಯವರು, ಎಪ್ಪತ್ತು ದಾಟಿದವರು, ದೇವರೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಮಾರಾಯ, ಮಾರಾಯ್ತಿ ಎಂದೇ ಕರೆಯುವವರು. ಹಾಡು ಎತ್ತಿಕೊಡುವವರು ಧಾರವಾಡದ ಸುಶೀಲಾಬಾಯಿ. ಕಂಠ ಚೆನ್ನ, ವಾದ ಇನ್ನೂ ಚೆನ್ನ. ನನ್ನ ಕೆಲಸ ಪ್ರಸಾದದ ಶಿರಾ ಮಾಡಿ ತರುವುದು. ರಾಗ ಗೊತ್ತಿಲ್ಲದವಳಿಗೆ ದೇವರು ರವೆ ಹುರಿಯಲು ಕಲಿಸಿದ್ದಾನೆ, ಅದೂ ದಯೆಯೇ.

ಈ ದಯೆಯ ಲೆಕ್ಕ ನನ್ನದೊಂದು ಚಟ. ಮಲಗುವ ಮೊದಲು ನೆನೆಸಿಕೊಳ್ಳುತ್ತೇನೆ. ನಲ್ಲಿಯಲ್ಲಿ ನೀರು ಬಂತು, ಒಂದು ದಯೆ. ಲೋಕಲಿನಲ್ಲಿ ಒಂದು ಕಾಲಿಡಲು ಜಾಗ ಸಿಕ್ಕಿತು, ಥಾಣೆ ಬರುವಷ್ಟರಲ್ಲಿ ಇನ್ನೊಂದು ಕಾಲಿಗೂ ಸಿಕ್ಕಿತು, ಬೇರೆ ಬೇರೆ ಎರಡು ದಯೆ. ನಮ್ಮ ಕೋಣೆ ಕೆಳಗೇ ಇದ್ದದ್ದೂ ಆ ಲೆಕ್ಕದಲ್ಲಿ ಇತ್ತು. ನಮ್ಮೆಲ್ಲರ ಮಂಡಿಗಳೂ ಅದಕ್ಕೆ ಸಾಕ್ಷಿ.

ಶುಕ್ರವಾರ ಶಾಲೆ ಬಿಟ್ಟ ಗಂಟೆ ಬಾರಿಸಿದ ಕೂಡಲೇ ನಮ್ಮ ಬಾಗಿಲಿಗೆ ಮೊದಲು ಬರುವವಳು ಭಾಗ್ಯಶ್ರೀ. ನಾಲ್ಕನೆಯ ತರಗತಿ, ವಿಜಯಪುರ ಕಡೆಯ, ಗೋಡೆ ಕಟ್ಟುವ ಗೌಂಡಿಯೊಬ್ಬರ ಮಗಳು. ಹುಟ್ಟಿನಿಂದಲೇ ಎರಡೂ ಕಾಲುಗಳಲ್ಲಿ ಬಲವಿಲ್ಲ. ನಾಲ್ಕು ಕಾಲಿನ ವಾಕರನ್ನು ಟಕ್ ಟಕ್ ಎಂದು ಮುಂದಿಡುತ್ತಾ ಬರುತ್ತಿದ್ದಳು. ಓಡುವ ಮಕ್ಕಳಿಗಿಂತ ಮೊದಲು ಹೇಗೆ ಮುಟ್ಟುತ್ತಿದ್ದಳೆಂದು ಕೇಳಿದರೆ, "ನಾ ಗಂಟಿ ಆಗೂಕಿಂತ ಮೊದಲ ಹೊಂಡ್ತೀನ್ರಿ" ಎನ್ನುತ್ತಿದ್ದಳು. ಪಟವನ್ನು ಒಮ್ಮೆ ನೋಡಿ, ದೇವರಿಗೊಂದು ನಮಸ್ಕಾರ ಎಸೆದು, ಕಣ್ಣು ಶಿರಾದ ಪಾತ್ರೆಗೆ. ಗೋಡಂಬಿ ಎಲ್ಲಿದೆಯೆಂದು ದೂರದಿಂದಲೇ ಗುರುತಿಸುವ ಕಣ್ಣು.

ಆ ವರ್ಷ ಅವಳು ಐದನೆಯ ತರಗತಿಗೆ ಪಾಸಾದಳು. ಐದನೆಯ ತರಗತಿ ಇರುವುದು ಎರಡನೆಯ ಮಾಳಿಗೆಯಲ್ಲಿ. ಲಿಫ್ಟ್ ಇಲ್ಲ.

ಹೆಡ್ ಟೀಚರ್ ವಸುಧಾ ಒಂದು ಶುಕ್ರವಾರ ನಮ್ಮ ಭಜನೆ ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದರು. ಟೀಚರು ಹಾಗೆ ನಿಂತರೆ ಏನೋ ಕೇಳಲಿಕ್ಕಿದೆ ಎಂದೇ ಅರ್ಥ. ಶಾಲೆಯ ಕಮಿಟಿಯವರು ಭಾಗ್ಯಶ್ರೀಯ ವಿಷಯದಲ್ಲಿ ಒಂದೊಂದು ಉಪಾಯ ಹೇಳಿದ್ದರಂತೆ. ಪ್ಯೂನ್ ದಿನಾ ಹೊತ್ತುಕೊಂಡು ಹೋಗಲಿ ಎಂದು ಒಬ್ಬರು. ಅದಕ್ಕೆ ಹುಡುಗಿ, "ನಾ ಏನ್ ಗ್ಯಾಸ್ ಸಿಲಿಂಡರ್ ಏನ್ರಿ, ಹೊತ್ಕೊಂಡ್ ಹೋಗಾಕ?" ಎಂದಳಂತೆ. ಅವಳೊಬ್ಬಳೇ ಕೆಳಗೆ ಕುಳಿತಿರಲಿ, ಟೀಚರು ಬಿಡುವಾದಾಗ ಇಳಿದು ಬಂದು ಪಾಠ ಮಾಡಲಿ ಎಂದು ಇನ್ನೊಬ್ಬರು. ಅದಕ್ಕೂ ಉತ್ತರವಿತ್ತು. "ನಾನೊಬ್ಬಾಕಿನ ಕುಂತ್ರ ಯಾರ್ ಕೂಡ ಮಾತಾಡ್ಲಿ? ಗ್ವಾಡಿ ಕೂಡ ಏನು? ರುಬಿನಾ ಬಾಜೂಕ ಇರಬೇಕ್ರಿ." ರುಬಿನಾ ಅವಳದೇ ವಠಾರದ ಹುಡುಗಿ, ಒಂದನೆಯ ತರಗತಿಯಿಂದ ಒಂದೇ ಬೆಂಚು. ಕೊನೆಗೆ ಉಳಿದದ್ದು, ಹುಡುಗಿಯನ್ನು ಶಾಲೆ ಬಿಡಿಸುವುದು.

"ಇಡೀ ಐದನೆಯ ತರಗತಿಯನ್ನೇ ಕೆಳಗೆ ತರುತ್ತೇನೆ. ಆದರೆ ಕೆಳಗೆ ಖಾಲಿ ಮಾಡಬಹುದಾದ ಕೋಣೆ ಇರುವುದು ಇದೊಂದೇ" ಎಂದರು ವಸುಧಾ ಟೀಚರ್.

ಕಮಲಕ್ಕನ ಹಾರ್ಮೋನಿಯಂ, ಮುಚ್ಚುವಾಗ, ನಮ್ಮೆಲ್ಲರ ಪರವಾಗಿ ಒಂದು ಉದ್ದನೆಯ ನಿಟ್ಟುಸಿರು ಬಿಟ್ಟಿತು.

"ನಾವೂ ಇಲ್ಲೇ ಇರ್ತೀವಿ, ಹುಡುಗ್ರೂ ಇಲ್ಲೇ ಇರ್ಲಿ ಅಂದ್ರ?" ಎಂದು ಯಾರೋ ಕೇಳಿದ್ದಕ್ಕೆ ಸುಶೀಲಾಬಾಯಿ ಕೂಡಲೇ, "ಬೂಟು ಹಾಕ್ಕೊಂಡು ದೇವ್ರ ಮುಂದ ಓಡಾಡ್ತಾವು. ಡಬ್ಬ್ಯಾಗ ಕೋಳಿ ತತ್ತಿ ತರ್ತಾವು. ಅದೆಲ್ಲ ಆಗಂಗಿಲ್ಲ" ಎಂದರು.

"ಹಾಗಾದ್ರೆ ದೇವರನ್ನು ಎಲ್ಲಿಗೆ ಕಳಿಸುವುದು ಮಾರಾಯ್ತಿ? ಐದನೇ ಕ್ಲಾಸಿನ ಕೋಣೆ ಬೇರೆ ಕ್ಲಾಸಿಗೆ ಬೇಕಂತೆ. ಖಾಲಿ ಇರುವುದು ಮೂರನೇ ಮಾಳಿಗೆಯಲ್ಲಿ, ಮುರಿದ ಬೆಂಚು ಇಟ್ಟ ಕೋಣೆ. ಅಲ್ಲಿಗೆ ಹತ್ತುವಾಗ ನಾವೇ ದೇವರ ಪಾದ ಸೇರ್ತೇವೆ" ಎಂದರು ಕಮಲಕ್ಕ.

ಅಷ್ಟು ಹೊತ್ತಿಗೆ ಮೇಲಿನ ಮಾಳಿಗೆಯಲ್ಲಿ ಆಟಕ್ಕೆ ಉಳಿದಿದ್ದ ಮಕ್ಕಳು ಧಡಧಡನೆ ಓಡಿದರು. ಛಾವಣಿಯಿಂದ ಸುಣ್ಣದ ಒಂದು ಚೂರು ಉದುರಿ ವಿಠ್ಠಲನ ಹಾರದ ಮೇಲೆ ಬಿತ್ತು. ನಾನು ಸಭೆಯಲ್ಲಿ ಬಾಯಿ ಬಿಡುವವಳೇ ಅಲ್ಲ. ಆದರೆ ಅದನ್ನು ನೋಡಿ ಬಾಯಿಗೆ ಬಂದದ್ದು ಬಂದೇಬಿಟ್ಟಿತು. "ಅಲ್ಲ ಕಮಲಕ್ಕ, ಇಷ್ಟು ವರ್ಷ ನಾವು ದೇವರನ್ನು ಮಕ್ಕಳ ಕಾಲ ಕೆಳಗೆ ಇಟ್ಟಿದ್ದೇವೆ ಅಲ್ವಾ? ಮೂರನೇ ಮಾಳಿಗೆಯಾದರೆ ಅವನ ತಲೆಯ ಮೇಲೆ ಆಕಾಶ ಬಿಟ್ಟು ಯಾರೂ ಇಲ್ಲ."

ಸುಶೀಲಾಬಾಯಿ ಬೇರೆ ಯಾವ ಮಾತಿಗೂ ಒಪ್ಪುತ್ತಿರಲಿಲ್ಲ, ಇದಕ್ಕೆ ಒಪ್ಪಿದರು. ಮಡಿಗೆ ಮಡಿಯಲ್ಲೇ ಉತ್ತರ ಕೊಡಬೇಕು. ವಸುಧಾ ಟೀಚರ್ ಮುಖ ತಿರುಗಿಸಿಕೊಂಡು ನಕ್ಕದ್ದನ್ನು ನಾನು ನೋಡಿದೆ.

ಹೀಗೆ ನಮ್ಮ ದೇವರು ಮಾಳಿಗೆ ಹತ್ತಿದ. ನಾವೂ ಹತ್ತಿದೆವು. ಕೆಳಗಿನ ಕಟ್ಟೆಯಲ್ಲಿ ಸಾಲಾಗಿ ಕುಳಿತು ಮಂಡಿಗೆ ಮುಲಾಮು ತಿಕ್ಕಿಕೊಂಡು, ಒಬ್ಬರ ಸೆರಗು ಒಬ್ಬರು ಹಿಡಿದು, ಪ್ರತಿ ತಿರುವಿನಲ್ಲೂ ಶ್ರೀಹರಿಯನ್ನು ನೆನೆದು ಹತ್ತುವುದು. ಹತ್ತಿ ಮುಟ್ಟಿದರೆ ಅವನು ಸೊಂಟದ ಮೇಲೆ ಕೈಯಿಟ್ಟು, ಇಷ್ಟು ಹೊತ್ತು ಬೇಕಾಯಿತೇ ಎನ್ನುವವನ ಹಾಗೆ ನಿಂತಿರುತ್ತಿದ್ದ. ಹಾಡು ಶುರುವಾದಾಗ ನಾವು ಕೋಣೆಯಲ್ಲಿ, ನಮ್ಮ ಉಸಿರು ಇನ್ನೂ ಎರಡನೆಯ ಮಾಳಿಗೆಯಲ್ಲಿ. ಉದ್ದದ ಹಾಡುಗಳೆಲ್ಲ ತಾವಾಗಿಯೇ ಬಿಟ್ಟುಹೋದವು.

ಕೆಳಗೆ ಐದನೆಯ ತರಗತಿ ನಡೆಯಿತು. ಬಂದ ಮೊದಲ ವಾರವೇ ವಸುಧಾ ಟೀಚರ್ ಪುಸ್ತಕ ಮುಚ್ಚಿಸಿ ಮಕ್ಕಳ ಕೈಗೆ ಕೆಂಪು ಸೀಮೆಸುಣ್ಣ ಕೊಟ್ಟರು. ಭಾಗ್ಯಶ್ರೀಯ ವಾಕರ್ ಎಲ್ಲೆಲ್ಲಿ ತಡೆಯುತ್ತದೋ ಅಲ್ಲೊಂದು ಗೆರೆ ಎಳೆದು, ಎಷ್ಟು ಎತ್ತರ, ಎಷ್ಟು ಅಗಲ ಅಳೆದು ಬರಬೇಕು. ಅದೇ ಗಣಿತದ ಪಾಠ. ಮಕ್ಕಳಿಗೆ ಗೆರೆ ಎಳೆಯಲು ಸಿಕ್ಕಿದರೆ ಕೇಳಬೇಕೇ? ಪಾಯಖಾನೆಯ ಹೊಸ್ತಿಲಿಗೆ ಗೆರೆ, ಕೈಗೆಟುಕದ ನೀರಿನ ನಲ್ಲಿಯ ಕೆಳಗೆ ಗೆರೆ. ದಾರಿಗಡ್ಡ ಇಟ್ಟಿದ್ದ ಕಮಲಕ್ಕನ ಚಪ್ಪಲಿಗೂ ಗೆರೆ. ತರಗತಿಯಲ್ಲಿ ಯಾವತ್ತೂ ಬಾಯಿ ಬಿಡದ ಮಕ್ಕಳು ಅಳತೆಯ ವಿಷಯದಲ್ಲಿ ಜಗಳಕ್ಕೇ ಇಳಿದರಂತೆ. ಬಾಗಿಲಿಗೆ ಇಳಿಜಾರು ಎಷ್ಟಿರಬೇಕೆಂದು ಹಲಗೆಯ ಮೇಲೆ ಚೆಂಡು ಉರುಳಿಸಿ ನೋಡಿದರು. ಭಾಗ್ಯಶ್ರೀಯ ಅಪ್ಪ ಒಂದು ಭಾನುವಾರ ಬಂದು ಅದನ್ನು ಸಿಮೆಂಟಿನಲ್ಲಿ ಕಟ್ಟಿಕೊಟ್ಟರು. ಅದರ ಮೇಲೆ ಮೊದಲು ನಡೆದವಳು ಮಗಳು. ಎರಡನೆಯವರು, ನಾಚಿಕೆಯಿಲ್ಲದೆ ಹೇಳುತ್ತೇನೆ, ನಾವು.

ಎಲ್ಲ ಸರಿಹೋಯಿತು ಎಂದುಕೊಂಡೆ. ಆ ಕಾಲದಲ್ಲಿ ದಯೆ ನೆನೆಯಲು ಕುಳಿತರೆ ಭಾಗ್ಯಶ್ರೀಯ ಹೆಸರೇ ಮೊದಲು ಬರುತ್ತಿತ್ತು. ಒಂದು ಹುಡುಗಿಗಾಗಿ ದೇವರನ್ನೇ ಮಾಳಿಗೆ ಹತ್ತಿಸಿದವರು ನಾವು ಎಂದು ಒಳಗೊಳಗೇ ಒಂದು ಜಂಬವೂ ಇತ್ತು.

ದಸರೆ ಕಳೆದ ಮೇಲೆ ಒಂದು ಶುಕ್ರವಾರ ಪ್ರಸಾದ ಹಂಚಿ, ಖಾಲಿ ಪಾತ್ರೆ ಹಿಡಿದು ಇಳಿದು ಬಂದೆ. ಕೊನೆಯ ಮೆಟ್ಟಿಲಿನ ಮೇಲೆ ಭಾಗ್ಯಶ್ರೀ ಕುಳಿತಿದ್ದಳು. ಪಕ್ಕದಲ್ಲಿ ರುಬಿನಾ, ಮಧ್ಯದಲ್ಲಿ ಶಿರಾದ ದೊನ್ನೆ. ಮೆಟ್ಟಿಲಿನ ಅಂಚಿನುದ್ದಕ್ಕೂ ದಪ್ಪನೆಯ ಕೆಂಪು ಗೆರೆ.

"ಇದ್ಯಾಕೆ ಮಗಾ ಇಲ್ಲಿ ಗೆರೆ? ಈಗ ನಿನ್ನ ಕ್ಲಾಸು ಕೆಳಗೇ ಇದೆಯಲ್ಲ."

"ಕ್ಲಾಸ್ ಕೆಳಗ ಐತ್ರಿ ಆಂಟಿ. ಶಿರಾ ಮ್ಯಾಲ ಐತಿ."

"ಪ್ರತಿ ವಾರ ತಂದುಕೊಡ್ತಾರಲ್ಲ ನಿಂಗೆ?"

"ರುಬಿನಾ ತರ್ತಾಳ್ರಿ. ಎರಡನೇ ಮಾಳಿಗಿ ದಾಟೂದ್ರಾಗ ಗೋಡಂಬಿ ಖಾಲಿ ಆಗಿರ್ತಾವು."

"ಏ ಸುಳ್ಳಿ! ಇವತ್ತ ಒಂದ ತಿಂದೀನಿ" ಎಂದಳು ರುಬಿನಾ.

ನಾನು ನಗುತ್ತಾ ದಾಟಿ ಹೋಗುತ್ತಿದ್ದೆ. ಹಿಂದಿನಿಂದ ಹುಡುಗಿ ಕೇಳಿದಳು, "ಆಂಟಿ, ದೇವ್ರು ನನ್ ಸಲುವಾಗಿ ಮ್ಯಾಲ ಹ್ವಾದ ಅಂತ ಎಲ್ಲಾರೂ ಹೇಳ್ತಾರ. ಹ್ವಾದಮ್ಯಾಗ ನಾ ಅವನ್ನ ನೋಡೇ ಇಲ್ಲ. ಅಲ್ಲೂ ಹಂಗ ನಿಂತಾನೇನ್ರಿ, ಸೊಂಟದ ಮ್ಯಾಲ ಕೈ ಇಟ್ಕೊಂಡು?"

"ಹಾಗೇ ನಿಂತಿದ್ದಾನೆ" ಎಂದೆ. ಖಾಲಿ ಪಾತ್ರೆ ಹಿಡಿದುಕೊಂಡು, ಮುಲಾಮಿನ ಮಂಡಿಗಳಲ್ಲಿ, ಅದೇ ಮೂರು ಮಾಳಿಗೆಯನ್ನು ಮತ್ತೆ ಹತ್ತಿದೆ.

ಮೇಲೆ ದೀಪದ ಎಣ್ಣೆ ಒರೆಸುತ್ತಿದ್ದ ಕಮಲಕ್ಕ, ಸುಶೀಲಾಬಾಯಿ ಇಬ್ಬರಿಗೂ ಹುಡುಗಿಯ ಮಾತು ಹೇಳಿ, ದೇವರನ್ನು ಕೆಳಗಿಳಿಸೋಣ ಎಂದೆ. ಸುಶೀಲಾಬಾಯಿ ಎಣ್ಣೆಯ ಬಟ್ಟೆ ಕೆಳಗಿಟ್ಟು, "ಇಳಿಸೂಣು ಅಂದ್ರ ಇಳಿಸೂಣು. ಆದ್ರ ಹುಡುಗ್ರ ಕಾಲು ಮತ್ತ ಅವನ ತಲಿ ಮ್ಯಾಲ ಬರ್ತಾವಲ್ಲ?" ಎಂದರು. ಅದು ನನ್ನದೇ ವಾದ. ಈಗ ಅದು ನನ್ನ ಕಡೆಗೇ ತಿರುಗಿ ನಿಂತಿತ್ತು.

ನನ್ನನ್ನು ಉಳಿಸಿದವರು ಕಮಲಕ್ಕ. "ಬರಲಿ ಮಾರಾಯ್ತಿ. ಸಣ್ಣವನಿದ್ದಾಗ ಇವನೇ ಹಾವಿನ ತಲೆಯ ಮೇಲೆ ಕುಣಿದವನಲ್ವಾ? ಈಗ ಇವನ ತಲೆಯ ಮೇಲೆ ಮಕ್ಕಳು ಕುಣಿಯಲಿ."

"ಮತ್ತ ತತ್ತಿ?"

"ಕೋಳಿಯನ್ನು ಮಾಡಿದವನು ಯಾರು?"

ಸುಶೀಲಾಬಾಯಿ ವಾದದಲ್ಲಿ ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸೋತವರೇ ಪಟದ ಒಂದು ತುದಿ ಹಿಡಿದು ಮುಂದೆ ಇಳಿದರು.

ಆವತ್ತಿನಿಂದ ನಮ್ಮ ವಿಠ್ಠಲ ತರಗತಿಯ ಕಪಾಟಿನಲ್ಲಿದ್ದಾನೆ. ಒಂದು ಕಡೆ ಗ್ಲೋಬು, ಇನ್ನೊಂದು ಕಡೆ ಸೀಮೆಸುಣ್ಣದ ಪೆಟ್ಟಿಗೆಗಳು. ಪಾಠದ ಹೊತ್ತಿನಲ್ಲಿ ಕಪಾಟಿನ ಬಾಗಿಲು ಮುಚ್ಚಿರುತ್ತದೆ. ಆ ಕೋಣೆ ಆಗ ಎಲ್ಲರ ಮಕ್ಕಳದು. ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವನನ್ನು ಹೊರಗೆ ತೆಗೆದು ಮೇಜಿನ ಮೇಲೆ ನಿಲ್ಲಿಸುತ್ತೇವೆ. ಮುಂದೆ ಮಕ್ಕಳ ಬೆಂಚುಗಳಲ್ಲಿ ನಾವು. ನೆಲದ ಮೇಲೆ ಕೂರುವ ಕಷ್ಟ ತಪ್ಪಿತು, ದಯೆ. ಸುಶೀಲಾಬಾಯಿ ಒಮ್ಮೆ ಬೆಂಚಿಗೂ ಡೆಸ್ಕಿಗೂ ನಡುವೆ ಸಿಕ್ಕಿಕೊಂಡು ಮಂಗಳಾರತಿಗೆ ಏಳಲಾಗದೆ ಕುಳಿತಲ್ಲೇ ಕೈಮುಗಿದರು. ತಾಳ ಹಾಕುವವಳು ಭಾಗ್ಯಶ್ರೀ, ಶಿರಾ ಹಂಚುವವಳೂ ಅವಳೇ. ಗೋಡಂಬಿ ಎಲ್ಲಿ ಹೋಗುತ್ತದೆಂದು ನಾವು ಕೇಳುವುದಿಲ್ಲ. ರುಬಿನಾ ಕೇಳುತ್ತಾಳೆ.

ಪ್ರತಿ ಜೂನ್‌ನಲ್ಲಿ ಅವಳ ಜೊತೆ ಅವಳ ತರಗತಿಯೂ ಅದೇ ಕೋಣೆಗೆ ಬರುತ್ತದೆ. ಈಗ ಎಂಟನೆಯದು. ಹೋದ ಶುಕ್ರವಾರ ಹೊರಡುವಾಗ ನನ್ನ ಕೈಗೊಂದು ಕೆಂಪು ತುಂಡು ಕೊಟ್ಟು, "ನಿಮ್ ಕಡೆ ಒಂದ ಇರ್ಲಿ ಆಂಟಿ, ಬೇಕಾಗ್ತೈತಿ" ಎಂದಳು. ದೊಡ್ಡವಳಾಗಿದ್ದಾಳೆ.

ನಮ್ಮ ಸೊಸೈಟಿಯ ಅಂಗಳದಲ್ಲಿ ಒಂದು ಗಣಪತಿಯ ಗುಡಿ ಇದೆ. ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಏನೂ ಇಲ್ಲ. ಕೆಲವರು ಯಾವಾಗಲೂ ಕೆಳಗೆ ನಿಂತೇ ಕೈಮುಗಿದು ಹೋಗುತ್ತಾರೆ. ಎಷ್ಟು ವಿನಯ ಇವರದು ಎಂದು ನಾನು ಮೆಚ್ಚಿಕೊಳ್ಳುತ್ತಿದ್ದೆ. ನಿನ್ನೆ ಸಂಜೆ ಆ ಮೆಟ್ಟಿಲ ಮುಂದೆ ಸ್ವಲ್ಪ ಹೊತ್ತು ನಿಂತೆ. ಯಾರೂ ಇರಲಿಲ್ಲ.

ಬೀಗದ ಕೈ ಕೊನೆಗೂ ಇವರ ಅಂಗಿಯ ಜೇಬಿನಲ್ಲೇ ಸಿಕ್ಕಿತು. ಬಾಗಿಲು ಎಳೆದುಕೊಳ್ಳುತ್ತಾ ಹೇಳಿದರು, "ಕೇಳಿದೆಯಾ, ಗುಡಿಯ ಮೆಟ್ಟಿಲಿಗೆ ಯಾರೋ ಕೆಂಪು ಗೆರೆ ಎಳೆದಿದ್ದಾರಂತೆ. ಸೆಕ್ರೆಟರಿ ಬೆಳಗ್ಗಿನಿಂದ ಎಲ್ಲರನ್ನೂ ವಿಚಾರಿಸ್ತಾ ಇದ್ದಾರೆ."

"ಹೌದಾ?" ಎಂದೆ.

ಇವರ ಕಣ್ಣು ನನ್ನ ಬಲಗೈಯ ಉಗುರಿನ ಸಂದಿನ ಮೇಲೆ ಬಿತ್ತು. "ಅದೆಂತದು ಕೆಂಪು?"

"ಕುಂಕುಮ" ಎಂದೆ. ಗಣಪತಿಯ ಹೆಸರಿನಲ್ಲಿ ಸುಳ್ಳು ಹೇಳುವವಳಲ್ಲ ನಾನು. ನನ್ನ ಮಟ್ಟಿಗೆ ಅದು ಕುಂಕುಮವೇ.